ಕೇಳ್ತದಾ

ನಾಲ್ಕು ಸಲ ಬರೆದೆ, ನಾಲ್ಕು ಸಲ ಹೊಡೆದುಹಾಕಿದೆ.
ಐದನೆಯದು ಮೆಸ್ಸಿನ ಬಿಲ್ಲಿನ ಹಿಂದೆ,
ಒಂದೇ ಪ್ರಶ್ನೆ, ಎರಡೂವರೆ ಸಾಲು.
'ಸರ್' ಅಂತ ಶುರುಮಾಡಬೇಕೋ ಬೇಡವೋ
ಅನ್ನುವುದಕ್ಕೇ ಒಂದು ರಾತ್ರಿ ಹೋಯಿತು.

ಅತಿಥಿಗಳು ಬರೆದದ್ದನ್ನು ಓದಿದ್ದೆ.
ಹಾಸ್ಟೆಲಿನ ಪುಕ್ಕಟೆ ಅನ್ನ
ನಮ್ಮ ಬುದ್ಧಿಗೆ ಮಂಪರು ಹಿಡಿಸಿದೆಯಂತೆ.
ಅಂಕಿ ಅಂಶ ಇತ್ತು, ಅಡಿಟಿಪ್ಪಣಿ ಇತ್ತು,
ಮುದ್ದಾದ ಕನ್ನಡ ಇತ್ತು, ಅದೇ ನನಗೆ ಹೊಟ್ಟೆಕಿಚ್ಚು.
ಓದಿ ಮುಗಿಸುವಷ್ಟರಲ್ಲಿ
ತಟ್ಟೆಯಲ್ಲಿ ಮುದ್ದೆ ಆರಿ ಬಿರಿದಿತ್ತು.

ಕಾರ್ಯಕ್ರಮ ಬುಧವಾರ, ಹನ್ನೊಂದಕ್ಕೆ.
ಸೋಮವಾರವೇ ಗಂಗೋತ್ರಿಯ ಮರಗಳಿಗೆಲ್ಲ ಬಾಯಿ ಬಂತು:
ಈ ಮರ 'ಸುಸ್ವಾಗತ', ಪಕ್ಕದ್ದು 'ಬಂದು ನೋಡು'.
ಕೆಂಪರಾಜ, ನನ್ನ ಕ್ಲಾಸಿನವನು, ನನ್ನ ಕೇರಿಯವನು,
ಜ್ವರ ಬಂದಾಗ ನೋಟ್ಸ್ ಬರೆದುಕೊಟ್ಟವನು,
ಗೇಟಿಗೆ ಅಡ್ಡ ಮಲಗಿದ.
'ಹೋಗಲಿ ಅವನ ಕಾರು ನಮ್ಮ ಹೆಣದ ಮೇಲೆ!'
ನನ್ನ ಕೈಗೂ ಒಂದು ಫಲಕ ಬಂತು.
'ನಿನ್ನಂಥೋರಿಗೇ ಅಲ್ವೇನವ್ವ ಇದೆಲ್ಲ' ಅಂದರು.
ಹಿಡಿದೆ. ಸುಳ್ಳು ಯಾಕೆ, ಹಿಡಿದೆ.
ಒಂದು ಕೈಯಲ್ಲಿ 'ಬರಬೇಡ',
ಇನ್ನೊಂದು ಕೈ ಜೇಬಿನಲ್ಲಿ, ಬಿಲ್ಲಿನ ಮೇಲೆ.

ಎದುರಿನ ಗುಂಪು ವಾಕ್ ಸ್ವಾತಂತ್ರ್ಯಕ್ಕೆ ಜೈ ಅಂದಿತು.
ಹೋದ ವರ್ಷ ಇವರೇ,
ಎಪ್ಪತ್ತು ದಾಟಿದ ಆ ಮೇಷ್ಟರಮ್ಮ ಮಾತಾಡುತ್ತಿದ್ದಾಗ
ಮೈಕಿನ ವೈರು ಕಿತ್ತವರು.

ಮಂಗಳವಾರ ಸಂಜೆ ಕುಲಸಚಿವರ ಸುತ್ತೋಲೆ:
'ಅನಿವಾರ್ಯ ಕಾರಣಗಳಿಂದ.'
ನನ್ನ ಪ್ರಶ್ನೆಗಿಂತ ಒಂದು ಸಾಲು ಕಡಿಮೆ.

ಬುಧವಾರ, ಇನ್ನೂರು ಜನಕ್ಕೆ ಹೇಳಿದ್ದ
ಖಾರಾಬಾತು ಕೇಸರಿಬಾತು ಬಂದೇ ಬಂತು.
ಪೊಲೀಸರು ತಿಂದರು, ಮಲಗಿದ್ದವರು ಎದ್ದು ತಿಂದರು,
ಜೈ ಅಂದವರು ಎರಡನೇ ಸಲ ಹಾಕಿಸಿಕೊಂಡರು.
ಪುಕ್ಕಟೆ ಅನ್ನ. ಯಾರ ಬುದ್ಧಿಗೂ
ಮಂಪರು ಹಿಡಿದಂತೆ ಕಾಣಲಿಲ್ಲ.
ಅತಿಥಿಗಳು ಅಷ್ಟು ಹೊತ್ತಿಗೆ ಟೀವಿಯಲ್ಲಿದ್ದರು,
ಗಂಟಲು ನೊಂದವರ ದನಿಯಲ್ಲಿ, ಒಬ್ಬರೇ, ಮುಕ್ಕಾಲು ಗಂಟೆ.

ಸುತ್ತೋಲೆ ಓದಿದಾಗ
ಮೊದಲು ಬಂದದ್ದು ಸಿಟ್ಟಲ್ಲ, ನಿರಾಳ.
ಇದನ್ನು ಕೆಂಪರಾಜನಿಗೆ ಹೇಳಿಲ್ಲ.
ಇನ್ನೂರು ತಲೆ ಹಿಂದಕ್ಕೆ ತಿರುಗಿದಾಗ
ನನ್ನ ಮೊಣಕಾಲು ಏನು ಮಾಡುತ್ತಿದ್ದವೋ,
ಎದ್ದು ನಿಲ್ಲುತ್ತಿದ್ದೆನೋ, ಚೀಟಿ ಅಗಿದು ನುಂಗುತ್ತಿದ್ದೆನೋ,
ಗೊತ್ತಿಲ್ಲ.
ಕಿತ್ತುಕೊಂಡದ್ದು ಅದನ್ನು,
ನನ್ನ ಪರವಾಗಿ.

ನಾಲ್ಕೂವರೆಗೆ ಹುಣಸೂರು ರಸ್ತೆ ಗುಡಿಸುವ ಅವ್ವ
ಬೆನ್ನು ಒತ್ತಿಸಿಕೊಳ್ಳುತ್ತ ಅಂದಳು:
'ಎರಡು ಗಾಡಿ ಆಯ್ತು ಕಾಗ್ದ, ನಿಮ್ಮ ಕಾಲೇಜ್ದು.
ಏನಂದ್ನಂತೆ ಅವ್ನು?'
ಏನೂ ಅನ್ನಲಿಲ್ಲವ್ವ, ಬಿಡಲಿಲ್ಲ.
'ನೀನೇನಂದೆ?'
ಬೆನ್ನು ಇನ್ನಷ್ಟು ಗಟ್ಟಿ ಒತ್ತಿದೆ.

ಶನಿವಾರ ಅದೇ ಸಭಾಂಗಣದಲ್ಲಿ ಬೀಳ್ಕೊಡುಗೆಗೆ ತಯಾರಿ.
ಅಟೆಂಡರ್ ಜವರಯ್ಯ ಮೈಕು ನಿಲ್ಲಿಸಿ,
'ಬಾವ್ವ, ಏನಾರ ಮಾತಾಡು, ನಾನು ಹಿಂದಕ್ಕೋಗಿ ನೋಡ್ತೀನಿ,
ಹಲೋ ಹಲೋ ಅಂದ್ರೆ ಗೊತ್ತಾಗಕಿಲ್ಲ.'
ಹಾಲ್ ಖಾಲಿ. ವೇದಿಕೆಯ ದೊಡ್ಡ ಕುರ್ಚಿಗೆ
ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು.
ಬಿಲ್ಲು ತೆಗೆದೆ. ಮಡಿಕೆಯಲ್ಲಿ ಶಾಯಿ ಅಳಿಸಿತ್ತು,
ಬಾಯಿಪಾಠ ಬರುತ್ತಿತ್ತು.

'ಸರ್, ನಿಮ್ಮ ತಾತ ಅಗ್ರಹಾರದಲ್ಲಿ ವಾರಾನ್ನ ಉಂಡು ಓದಿದರು
ಅಂತ ನೀವೇ ಬರೆದಿದ್ದೀರಿ. ಅವರಿಗೆ ಮಂಪರು ಹಿಡಿದದ್ದು
ಸೋಮವಾರದ ಮನೆಯಲ್ಲೋ, ಮಂಗಳವಾರದ ಮನೆಯಲ್ಲೋ?'

ದನಿ ಗೋಡೆಗೆ ಹೋಗಿ ಸ್ವಲ್ಪ ದಪ್ಪವಾಗಿ ವಾಪಸು ಬಂತು.
ಮೊಣಕಾಲು ನಡುಗಿದವು, ಖಾಲಿ ಬೆಂಚುಗಳಿಗೂ.
ಬಾಗಿಲ ಹತ್ತಿರದಿಂದ ಜವರಯ್ಯ ಕೈ ಎತ್ತಿದ.
'ಕೇಳ್ತದೆ ಕಣವ್ವ, ಕೊನೇ ಬೆಂಚ್ಗೂ ಕೇಳ್ತದೆ.'
ಆಮೇಲೆ, ವೈರು ಸುತ್ತುತ್ತ ಹತ್ತಿರ ಬಂದು:
'ಅದ್ಸರಿ, ಯಾರ್ನ ಕೇಳ್ದೆ?'